ಬಾಯಿಗೊಂದು ಹರಕೆ, ಕಣ್ಣಿಗೊಂದು ಹರಕೆ

ಅವತ್ತು ಬೆಳಗ್ಗೆ ನಾನು ಹಿತ್ತಲ ಬಾಗಿಲಲ್ಲಿ ಕೂತು ಅವರೆಕಾಳು ಹಿಸುಕುತ್ತಿದ್ದೆ. ರಾತ್ರಿ ನೆನೆಹಾಕಿದ ಕಾಳು ಬೆಳಗಾಗುವಷ್ಟರಲ್ಲಿ ಹೊಟ್ಟೆ ಉಬ್ಬಿಸಿಕೊಂಡಿರುತ್ತದೆ. ಎರಡು ಬೆರಳಲ್ಲಿ ಅದುಮಿದರೆ ಸಿಪ್ಪೆ ಕೈಯಲ್ಲೇ ಉಳಿದು ಬೇಳೆ ಚಿಮ್ಮಿ ಪಾತ್ರೆಗೆ ಬೀಳುತ್ತದೆ. ಎದುರಿಗೆ ಅತ್ತೆ ಕೂತಿದ್ದರು. ಅವರು ಹಿಸುಕಿದ ಬೇಳೆ ನನ್ನದಕ್ಕಿಂತ ದೂರ ಹಾರುತ್ತದೆ, ಅರ್ಧ ನೆಲಕ್ಕೆ ಬೀಳುತ್ತದೆ, ಕೋಳಿಗಳು ಅದಕ್ಕೇ ಕಾಯುತ್ತಿರುತ್ತವೆ.

ಫೋನು ಕಿಟಕಿಯ ಮೇಲಿತ್ತು. ಹಿಂದಿನ ದಿನವೆಲ್ಲ ಕರೆಂಟಿರಲಿಲ್ಲ, ಬೆಳಗಿನ ಜಾವ ಬಂದಿತ್ತು. ಚಾರ್ಜು ಹಾಕಿಕೊಳ್ಳುವಷ್ಟು ಹೊತ್ತಾದರೂ ಇತ್ತಲ್ಲ, ಅದು ದೇವರ ದಯೆ ಎಂದು ಈಗಲೂ ಅಂದುಕೊಳ್ಳುತ್ತೇನೆ. ಫೋನು ಹೊಡೆದುಕೊಂಡಾಗ ಕೈ ತುಂಬ ಅವರೆಯ ಸೊಗಡಿನ ಅಂಟು.

"ಎತ್ತೇ, ಅವ್ರೇ ಇರ್ಬೇಕು" ಅಂದರು ಅತ್ತೆ.

ಅವರೇ. ನಮ್ಮ ಮನೆಯವರೂ ಮಗಳೂ ಮುಂಜಾನೆ ಬಂಗಾರಪೇಟೆಯಲ್ಲಿ ರೈಲು ಹತ್ತಿ ಬೆಂಗಳೂರಿನ ಒಂದು ಕಣ್ಣಾಸ್ಪತ್ರೆಗೆ ಹೋಗಿದ್ದರು. ದೀಪಾವಳಿ ಕಳೆದ ಮೇಲಿಂದ ಅವಳ ಎಡಗಣ್ಣು ಮಂಜಾಗುತ್ತ ಬಂದಿತ್ತು. ಆ ವಾರ ಬಲಗಣ್ಣೂ ಕೆಂಪಾಗಿತ್ತು. ಎಡಗಣ್ಣು ಹೋಗುತ್ತಿದೆ ಎಂದು ನಾವ್ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಬಲಗಣ್ಣು ಉಳಿಯಲಿ ಎಂದು ಮಾತ್ರ ದೇವರ ಮನೆಯಲ್ಲಿ ಹೇಳುತ್ತಿದ್ದೆ. ಮನೆ, ಹಸು, ಅತ್ತೆ ಎಲ್ಲ ಬಿಟ್ಟು ಹೋಗಲಾರದೆ ನಾನು ಉಳಿದುಕೊಂಡಿದ್ದೆ.

"ಅಮ್ಮ, ಡಾಕ್ಟ್ರಮ್ಮ ನಿನ್ನತ್ರ ಮಾತಾಡ್ತಾರಂತೆ" ಅಂದಳು ಮಗಳು. "ಅಪ್ಪಂಗೇನೂ ಗೊತ್ತಿಲ್ಲ. ಏನ್ ಕೇಳಿದ್ರೂ 'ನಮ್ಮೆಂಗಸ್ರನ್ನ ಕೇಳಿ' ಅಂತಾನೆ. ಸ್ಪೀಕರ್ ಆಕಿದೀನಿ, ಮಾತಾಡು."

ಆಮೇಲೆ ಇನ್ನೊಂದು ದನಿ, ವಯಸ್ಸಾದ ಹೆಂಗಸಿನದು, ಬೆಂಗಳೂರಿನ ಮಾತು. "ಅಮ್ಮ, ನಿಮ್ಮ ಮಗಳಿಗೆ ಬಾಯಲ್ಲಿ ಹುಣ್ಣು ಆಗುತ್ತಾ?"

ನನಗೆ ಮೊದಲು ಬಂದದ್ದು ಸಿಟ್ಟು. ಕಣ್ಣು ತೋರಿಸಿಕೊಂಡು ಬರಲಿ ಎಂದು ಕಳಿಸಿದರೆ ಇವರು ಬಾಯಿ ಕೇಳುತ್ತಿದ್ದಾರೆ. ಹಸುವಿಗೆ ಮದ್ದು ಕೇಳಲು ಹೋದರೆ ಕೊಟ್ಟಿಗೆ ಯಾವ ದಿಕ್ಕಿಗಿದೆ ಎಂದು ಕೇಳಿದ ಹಾಗೆ.

"ಆಗ್ತದೆ ಮೇಡಂ. ಅದು ಉಷ್ಣ. ನಂಗೂ ಆಗ್ತಿತ್ತು" ಅಂದೆ.

"ಶುರುವಿನಿಂದ ಹೇಳಿ. ನಿಧಾನಕ್ಕೆ ಹೇಳಿ, ನನಗೆ ಅವಸರ ಇಲ್ಲ."

ಶುರುವಿನಿಂದ ಹೇಳಿ ಎಂದು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಬಾಯಿಹುಣ್ಣಿಗೂ ಒಂದು ಶುರು, ಒಂದು ಚರಿತ್ರೆ ಇರುತ್ತದೆ ಎಂದು ನಾನೂ ಅಂದುಕೊಂಡಿರಲಿಲ್ಲ. ಫೋನಿನಲ್ಲಿ ಅವರಿಗೆ ಚೂರುಚೂರಾಗಿ ಹೇಳಿದ್ದನ್ನು ಇಲ್ಲಿ ಸ್ವಲ್ಪ ಸಾವಕಾಶವಾಗಿ ಬರೆಯುತ್ತೇನೆ.

ಶುರುವಾದದ್ದು ನನ್ನ ತಾಯಿಯ ಬಾಯಲ್ಲಿ. ನನ್ನ ತವರು ಚಿನ್ನದ ಗಣಿಯ ಪಕ್ಕದ ಆಂಡರ್ಸನ್‌ಪೇಟೆ. ಹುಣ್ಣು ಎದ್ದ ದಿನಗಳಲ್ಲಿ ಅವ್ವ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಕೆನ್ನೆಯೊಳಗೆ ಒಂದು ಚೂರು ಒಣಕೊಬ್ಬರಿ ಒತ್ತಿಕೊಂಡು ಕೆಲಸ ಮಾಡುತ್ತಿದ್ದಳು. ನಲ್ಲಿಯ ಹತ್ತಿರ ಅಕ್ಕಪಕ್ಕದವರು ಅವಳಿಗೆ ಜಂಬ ಅಂದುಕೊಳ್ಳುತ್ತಿದ್ದರು. ಆಮೇಲೆ ನನಗೂ ಶುರುವಾಯಿತು. ಪಕ್ಕದ ಮನೆಯಲ್ಲಿ ಒಬ್ಬರು ತಮಿಳಿನ ಅಜ್ಜಿ ಇದ್ದರು. ಅವರ ಗೋಡೆ ಪಕ್ಕ ಗಣಿಕೆ ಸೊಪ್ಪು ತಾನಾಗಿ ಬೆಳೆದಿರುತ್ತಿತ್ತು. ನಾನು ಕೆನ್ನೆ ಹಿಡಿದುಕೊಂಡು ನಿಂತರೆ ಸಾಕು, "ವಾಯ್‌ಪುಣ್ಣಾ? ಇದೆಲ್ಲಾಂ ಒರು ವ್ಯಾಧಿಯಾ? ಕೀರೈ ಸಾಪ್ಡು, ಪೋಯಿಡುಂ" ಎನ್ನುತ್ತಿದ್ದರು. ಬಾಯಿಹುಣ್ಣಾ, ಇದೂ ಒಂದು ಕಾಯಿಲೆಯಾ, ಸೊಪ್ಪು ತಿನ್ನು, ಹೋಗುತ್ತೆ ಎಂದು. ಹೋಗುತ್ತಲೂ ಇತ್ತು. ಮತ್ತೆ ಬರುತ್ತಲೂ ಇತ್ತು. ಮುಟ್ಟಿಗೆ ಮುಂಚೆ ಬರುತ್ತಿತ್ತು, ಪರೀಕ್ಷೆಗೆ ಬರುತ್ತಿತ್ತು, ಬಿಸಿಲಲ್ಲಿ ಅಲೆದರೆ ಬರುತ್ತಿತ್ತು. ಅಕ್ಕಿನುಚ್ಚಿನಷ್ಟು ಬಿಳಿ ಗುಳಿ, ಸುತ್ತ ಒಂದು ಕೆಂಪು ಗೆರೆ. ಅಷ್ಟೇ ಇರುತ್ತಿದ್ದದ್ದು. ಉಪ್ಪು ತಾಗಿದರೆ ಕಣ್ಣಲ್ಲಿ ನೀರು.

ಬಸುರಿಯಾದಾಗ ನರ್ಸಮ್ಮ ಕೊಟ್ಟ ಕಬ್ಬಿಣದ ಮಾತ್ರೆ ತಿಂದ ಮೇಲೆ ನನ್ನದು ಕಡಿಮೆಯಾಯಿತು. ಮೈಯಲ್ಲಿ ರಕ್ತ ಕಡಿಮೆ ಇದ್ದರೂ ಬಾಯಿ ಹುಣ್ಣಾಗುತ್ತದೆಯಂತೆ. ಆ ದಯೆ ನನ್ನ ಪಾಲಿಗೆ ಬಂತು. ಅವ್ವನಿಗೆ ಬರಲಿಲ್ಲ, ಅವಳು ಕೊಬ್ಬರಿಯಲ್ಲೇ ಕಾಲ ತಳ್ಳಿದಳು.

ಮಗಳು ಪಿಯುಸಿ ಓದುವಾಗ ಒಂದು ದಿನ ತುಟಿ ತಿರುವಿ ತೋರಿಸಿದಳು. ನನಗೆ ಗಾಬರಿಯೇ ಆಗಲಿಲ್ಲ. ನಮ್ಮ ಹೆಂಗಸರ ಆಸ್ತಿ ಇವಳಿಗೂ ಬಂತು ಅಂದುಕೊಂಡೆ. ಪಟಿಕದ ನೀರಲ್ಲಿ ಬಾಯಿ ಮುಕ್ಕಳಿಸಲು ಹೇಳಿದೆ, ಗಣಿಕೆ ಸೊಪ್ಪಿನ ಬಸ್ಸಾರು ಮಾಡಿದೆ. ಆದರೆ ಅವಳದು ನನ್ನ ಹಾಗಿರಲಿಲ್ಲ. ನನ್ನದು ಅಕ್ಕಿನುಚ್ಚಾದರೆ ಅವಳದು ಅವರೆಬೇಳೆಯಷ್ಟು. ತುಟಿ, ನಾಲಿಗೆಯ ಅಂಚು, ಗಂಟಲ ಹತ್ತಿರ, ಒಂದು ಮಾಯುವಷ್ಟರಲ್ಲಿ ಪಕ್ಕದಲ್ಲಿ ಇನ್ನೊಂದು. ಬಂಗಾರಪೇಟೆಯ ಡಾಕ್ಟರು ಬಿ ಕಾಂಪ್ಲೆಕ್ಸ್ ಬರೆದುಕೊಟ್ಟರು. ಪೇಸ್ಟು ಬದಲಾಯಿಸಿ ಅಂದರು, ಬದಲಾಯಿಸಿದೆವು. ಖಾರ ಬಿಡಿಸಿ ಅಂದರು, ಬಿಡಿಸಿದೆವು.

ಹಾಗೆ ನಮ್ಮ ಒಲೆಯ ಮೇಲೆ ಎರಡು ಪಾತ್ರೆ ಬಂತು. ದೊಡ್ಡದರಲ್ಲಿ ಎಲ್ಲರ ಸಾರು, ಚಿಕ್ಕದರಲ್ಲಿ ಮೆಣಸಿನಕಾಯಿ ಹಾಕದ ಅವಳ ಸಾರು. ನಾವು ಮುದ್ದೆ ತಿನ್ನುವ ಜನವಾಗಿ ಹುಟ್ಟಿದ್ದು ಒಂದು ಪುಣ್ಯ. ಮುದ್ದೆಯನ್ನು ಅಗಿಯಬೇಕಿಲ್ಲ, ಸಾರಲ್ಲಿ ಹೊರಳಿಸಿ ನುಂಗಿದರಾಯಿತು. ಅದೂ ಆಗದ ದಿನ ಮಜ್ಜಿಗೆಯಲ್ಲಿ ಕರಗಿಸಿ ಕುಡಿಯುತ್ತಿದ್ದಳು.

"ನಾಲ್ಗೆ ಉದ್ದ ಆದ್ರೆ ಉಣ್ಣಾಗ್ದೆ ಇನ್ನೇನಾದದು?" ಎಂದು ಅತ್ತೆ ಚುಚ್ಚುತ್ತಿದ್ದರು. "ನಿನ್ನೆ ನಂಗೆ ಎದುರು ಮಾತಾಡಿದ್ಲು, ಇವತ್ತು ನೋಡು."

ಮಗಳಿಗೆ ಉತ್ತರ ಕೊಡಲು ಬಾಯಿ ಏಳುತ್ತಿರಲಿಲ್ಲ. ನಾಲಿಗೆಯನ್ನೇ ಪೂರ್ತಿ ಹೊರಚಾಚಿ ಅಜ್ಜಿಯ ಮುಖದ ಮುಂದೆ ಹಿಡಿಯುತ್ತಿದ್ದಳು. "ಥೂ, ಒಳ್ಗಾಕೇ, ನೊಣ ಕೂತ್ಕಂಡಾದು" ಎಂದು ಅತ್ತೆಯೇ ಜೇನುತುಪ್ಪದ ಶೀಸೆ ಹುಡುಕಿ ತರುತ್ತಿದ್ದರು.

ಬಾಯಿಯ ಹರಕೆ ನಾನು ಹೊತ್ತದ್ದು ಗಂಗಮ್ಮನಿಗೆ. ನಮ್ಮ ಕಡೆ ಉಷ್ಣದ ಕಾಯಿಲೆಗಳೆಲ್ಲ ಅವಳ ಪಾಲು. ತಣ್ಣನೆ ಮೊಸರನ್ನದ ಎಡೆ ಇಟ್ಟು, ಒದ್ದೆ ಸೀರೆಯಲ್ಲಿ ಸುತ್ತು ಬಂದು, ಮಗೀಗೆ ತಂಪು ಮಾಡು ತಾಯಿ ಎಂದು ಬೇಡಿಕೊಂಡರೆ ಹುಣ್ಣು ಮಾಯುತ್ತಿತ್ತು. ಬಾಯಿಹುಣ್ಣಿನ ಮೋಸ ಅದೇ. ಅದು ಹೇಗೂ ಮಾಯುತ್ತದೆ. ಸೊಪ್ಪಿಗೂ, ಮಾತ್ರೆಗೂ, ದೇವರಿಗೂ ಎಲ್ಲರಿಗೂ ಒಳ್ಳೆ ಹೆಸರು ತಂದುಕೊಟ್ಟು ಹೋಗುತ್ತದೆ. ಆಮೇಲೆ ಬರುತ್ತದೆ.

ಪಿಯುಸಿ ಮುಗಿಸಿ ಅವಳು ಊರಿನ ಹಾಲಿನ ಡೈರಿಯಲ್ಲಿ ಕೆಲಸಕ್ಕೆ ಸೇರಿದಳು. ಬಂದ ಹಾಲನ್ನು ಪರೀಕ್ಷೆ ಮಾಡುವುದು ಅವಳ ಕೆಲಸ. ಹಾಲಿನಲ್ಲಿ ಗಾಜಿನ ಕೊಳವೆ ತೇಲಿಬಿಟ್ಟು ಅದರ ಮೇಲಿನ ಸಣ್ಣ ಗೆರೆ ಓದಿ, ನೀರು ಬೆರೆತಿದೆಯೋ ಇಲ್ಲವೋ ಹೇಳಬೇಕು. ಆ ಗೆರೆ ಅವಳು ಓದಿದ ಮೇಲೆ ಊರಿನ ಹೆಂಗಸರ್ಯಾರೂ ಎದುರಾಡುತ್ತಿರಲಿಲ್ಲ. ಅದು ಅವಳಿಗೆ ಬಹಳ ಇಷ್ಟದ ಕೆಲಸವಾಗಿತ್ತು. ಮದುವೆ ಮಾತು ಬಂದರೆ, "ಡೈರಿ ಇರೋ ಊರಾದ್ರೆ ನೋಡಾಣ" ಎನ್ನುತ್ತಿದ್ದಳು.

ಕೆಲಸಕ್ಕೆ ಸೇರಿದ ಮೇಲೆ ಅವಳ ಮೊಣಕಾಲಿನ ಕೆಳಗೆ ಕೆಂಪು ಗಂಟುಗಳು ಎದ್ದವು. ಮುಟ್ಟಿದರೆ ನೋವು, ಕೈಗೆ ಬಿಸಿ. ಅತ್ತೆ ನೋಡಿದ ಕೂಡಲೇ, "ಇದು ನಾಗಪ್ಪನ್ದು" ಅಂದರು. ಮಾವನ ಕಾಲದಲ್ಲಿ ಟ್ರ್ಯಾಕ್ಟರು ಹೊಡೆಯುವಾಗ ಹೊಲದ ಹುತ್ತವೊಂದು ಒಡೆದಿತ್ತಂತೆ. ಅರಳಿಕಟ್ಟೆಯ ನಾಗರಕಲ್ಲಿಗೆ ಹಾಲೆರೆದೆವು. ಚರ್ಮದ ಡಾಕ್ಟರ ಹತ್ತಿರವೂ ಹೋದೆವು, ಅವರು ಮುಲಾಮು ಕೊಟ್ಟರು. ಕಾಲಿನ ಡಾಕ್ಟರ ಮುಂದೆ ಬಾಯಿಯ ವಿಷಯ ಎತ್ತುವುದು ಸರಿಯಲ್ಲ ಅಂದುಕೊಂಡಿದ್ದೆವು, ಅದನ್ನು ನೋಡುವವರು ಬೇರೆ ಇದ್ದಾರಲ್ಲ. ದೇವರ ಮುಂದೆಯೂ ಹಾಗೆಯೇ. ಗಂಗಮ್ಮನ ಗುಡಿಯಲ್ಲಿ ನಿಂತು ನಾಗಪ್ಪನ ಲೆಕ್ಕ ಹೇಳುವುದುಂಟೇ? ಗಂಟುಗಳೂ ಮಾಯ್ದವು. ನಾಗಪ್ಪ ಒಪ್ಪಿಕೊಂಡ ಎಂದು ಅತ್ತೆ ಕಟ್ಟೆಗೆ ಅಡ್ಡಬಿದ್ದು ಬಂದರು.

ಕಣ್ಣಿನ ಸುದ್ದಿ ಗೊತ್ತಾದದ್ದು ಡೈರಿಯಲ್ಲಿ. ಒಂದು ಸಂಜೆ ನಾನು ಕ್ಯಾನು ತೆಗೆದುಕೊಂಡು ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದಿದ್ದ ಹೆಂಗಸಿನ ಹಾಲಿಗೆ ಮಗಳು, "ನೀರೈತೆ ಅಕ್ಕ" ಅಂದುಬಿಟ್ಟಳು.

ಆ ಹೆಂಗಸು ಸೆರಗು ಸಿಕ್ಕಿಸಿಕೊಂಡು ನಿಂತಿತು. "ಏನೇ? ನಮ್ ಅಸಿನ್ ಕೆಚ್ಚಲಿಗೆ ನಲ್ಲಿ ಕೂರ್ಸವ್ರೇನೇ? ಇನ್ನೊಂದ್ಸಲ ನೋಡು. ಕಣ್ಣ್ ಬಿಟ್ಟು ನೋಡು."

ಮಗಳು ಕೊಳವೆ ತೇಲುತ್ತಿದ್ದ ಪಾತ್ರೆಯನ್ನು ಮುಖದ ಹತ್ತಿರ ತಂದಳು. ದೂರ ಹಿಡಿದಳು. ತಲೆ ಓರೆ ಮಾಡಿ ಬಲಗಣ್ಣಲ್ಲಿ ನೋಡಿದಳು. ಆಮೇಲೆ ಮೆಲ್ಲಗೆ, "ಸರಿಗೈತೆ ಅಕ್ಕ, ನಂದೇ ತಪ್ಪು" ಅಂದಳು. ಸಾಲಿನಲ್ಲಿದ್ದವರು ನಕ್ಕರು. ನನಗೆ ನಗು ಬರಲಿಲ್ಲ. ತಲೆ ಓರೆ ಮಾಡಿದ್ದನ್ನು ನಾನು ನೋಡಿದ್ದೆ.

ಎಡಗಣ್ಣು ಕೆಂಪಗಿತ್ತು. ಕಣ್ಣುಬೇನೆ ಇರಬೇಕು ಎಂದು ನಂದಿಬಟ್ಟಲು ಹೂವನ್ನು ನೀರಲ್ಲಿ ನೆನೆಸಿ ರೆಪ್ಪೆಯ ಮೇಲಿಟ್ಟೆವು. ಔಷಧಿ ಅಂಗಡಿಯಿಂದ ತೊಟ್ಟು ತಂದು ಹಾಕಿದೆವು. ಕೆಂಪು ಇಳಿಯಿತು, ಮಂಜು ಇಳಿಯಲಿಲ್ಲ. ಆಗ ನಾನು ಬೆಳ್ಳಿ ಕಣ್ಣು ಒಪ್ಪಿಸುತ್ತೇನೆಂದು ತವರಿನ ಕಡೆಯ ಅಮ್ಮನವರ ಗುಡಿಯಲ್ಲಿ ಹೇಳಿಕೊಂಡೆ. ಅದು ಮೂರನೆಯ ದೇವರು.

ಬಂಗಾರಪೇಟೆಯ ಬಜಾರಿನಲ್ಲಿ ಹರಕೆಯ ಬೆಳ್ಳಿ ಸಾಮಾನು ಮಾರುವ ಚಿಕ್ಕ ಅಂಗಡಿಯೊಂದಿದೆ. ಕೈ, ಕಾಲು, ಕಣ್ಣು, ತೊಟ್ಟಿಲು ಎಲ್ಲ ತೆಳ್ಳನೆ ತಗಡಿನಲ್ಲಿ ಒತ್ತಿ ದಾರಕ್ಕೆ ಪೋಣಿಸಿರುತ್ತಾರೆ. ನಾನು ಕಣ್ಣು ಕೇಳಿದೆ. ಅಂಗಡಿಯಾತ ತೆಲುಗು ಬೆರೆಸಿ ಮಾತಾಡುವ ಮನುಷ್ಯ, ಮಾತು ಜಾಸ್ತಿ.

"ಕಣ್ಣೊಂದೇನಾ ಅಮ್ಮ? ಇನ್ನೇನೈತೆ ತೊಂದ್ರೆ?"

"ಬಾಯಿಗೆ ಬೇರೆ ಅರಕೆ ಐತೆ. ಬಾಯಿ ಮಾಡಿಟ್ಟಿದೀರಾ?"

"ಬಾಯಾ? ಬಾಯಿ ಯಾರೂ ಕೇಳಲ್ಲಮ್ಮ. ಈ ಊರಾಗೆ ಎಲ್ರಿಗೂ ಬಾಯಿ ಚೆನ್ನಾಗೇ ಐತೆ" ಎಂದು ನಕ್ಕು, ಇನ್ನೊಂದು ದಾರ ಇಳಿಸಿದ. ಅದರಲ್ಲಿ ತಲೆಯಿಂದ ಕಾಲವರೆಗೆ ಇಡೀ ಮನುಷ್ಯನನ್ನು ಒತ್ತಿದ ತಗಡಿತ್ತು. "ಇದ್ ತಗೋಳ್ಳಿ. ಪೂರ್ತಿ ಆಳು. ಬಾಯಿ, ಕಣ್ಣು, ಕಾಲು ಅನ್ನೀ ಇಂದುಲೋನೇ, ಎಲ್ಲಾ ಇದ್ರಾಗೇ ಬಂದ್ಬಿಡ್ತದೆ."

ಬೇಡ ಅಂದೆ. ಹೇಳಿಕೊಂಡದ್ದು ಕಣ್ಣು, ಕೊಡಬೇಕಾದದ್ದೂ ಕಣ್ಣೇ. ದೇವರ ಹತ್ತಿರ ಮಾತು ಬದಲಾಯಿಸಬಾರದು.

ಇದಿಷ್ಟರಲ್ಲಿ ಬಾಯಿಯ ಭಾಗವನ್ನು ಮಾತ್ರ ನಾನು ಅವತ್ತು ಫೋನಿನಲ್ಲಿ ಹೇಳಿ ನಿಲ್ಲಿಸಿದ್ದೆ. ಅವರು ಕೇಳಿದ್ದು ಅದನ್ನೇ ತಾನೆ. ಆ ಡಾಕ್ಟರಮ್ಮ ಎಲ್ಲ ಕೇಳಿಸಿಕೊಂಡು, "ಕಾಲಿನ ಮೇಲೆ ಕೆಂಪಗೆ ಗಂಟು ಬಂದಿತ್ತಾ, ನೋವಿರೋದು?" ಅಂದರು.

ನಾನು ಕಾಲಿನ ಮಾತೇ ಎತ್ತಿರಲಿಲ್ಲ. "ಬಂದಿತ್ತು ಮೇಡಂ. ನಿಮಗೆ ಯಾರು ಹೇಳಿದ್ರು?"

ಅವರು ಮುಂದಿನ ಪ್ರಶ್ನೆ ಕೇಳಿದರು. "ಬಾಯಿ ಬಿಟ್ಟು ಬೇರೆ ಕಡೆ? ಒಳಗಡೆ, ಹೇಳಿಕೊಳ್ಳೋಕೆ ಆಗದ ಜಾಗದಲ್ಲಿ ಹುಣ್ಣು?"

"ಇಲ್ಲ ಮೇಡಂ" ಅಂದೆ ಧೈರ್ಯವಾಗಿ. ಹೆತ್ತವಳಿಗೆ ಗೊತ್ತಿರದ್ದು ಏನಿರುತ್ತದೆ?

ಆ ಕಡೆಯಿಂದ ಮಗಳ ದನಿ ಕೇಳಿತು. "ಅಪ್ಪ, ನೀನೊಸಿ ಆಚೆಗೋಗು." ಕುರ್ಚಿ ಸರಿದ ಸದ್ದು. ಬಾಗಿಲ ಸದ್ದು. ಆಮೇಲೆ, "ಐತೆ ಮೇಡಂ. ಎರಡ್ಮೂರು ಸಲ ಬಂದು ಓಗೈತೆ. ಅಮ್ಮಂಗೆ ಗೊತ್ತಿಲ್ಲ."

ಅವಳು ಅದನ್ನು ಯಾವ ಹೆದರಿಕೆಯಲ್ಲಿ ನುಂಗಿಕೊಂಡಿದ್ದಳೋ ನನಗೆ ಹೇಳದೆಯೇ ಗೊತ್ತಾಯಿತು. ಮದುವೆಯಾಗದ ಹುಡುಗಿ ಅಂಥ ಜಾಗದಲ್ಲಿ ಹುಣ್ಣಿದೆ ಎಂದರೆ ಊರು ಏನು ಕೇಳುತ್ತದೆ? ನಾನೇ ಏನು ಕೇಳುತ್ತಿದ್ದೆನೋ. ಅವಳು ಒಬ್ಬಳೇ ಸಹಿಸಿಕೊಂಡು, ನೆಟ್ಟಗೆ ಕೂರಲೂ ಆಗದೆ, ಡೈರಿಯಲ್ಲಿ ನಿಂತುಕೊಂಡೇ ಕೆಲಸ ಮಾಡಿದ್ದಾಳೆ. ಕೂತ್ಕೊಳ್ಳೇ ಎಂದು ನಾನು ಎಷ್ಟು ಸಲ ಬೈದಿದ್ದೆ.

"ಕೇಳಿಸಿಕೊಳ್ಳಿ ಅಮ್ಮ" ಅಂದರು ಡಾಕ್ಟರಮ್ಮ. "ಇದರಲ್ಲಿ ಯಾರ ತಪ್ಪೂ ಇಲ್ಲ. ಅಂಟುರೋಗ ಅಲ್ಲ. ನಡತೆಯಿಂದ ಬರೋದೂ ಅಲ್ಲ. ಬಾಯಿ, ಕಾಲು, ಆ ಜಾಗ, ಕಣ್ಣು, ಎಲ್ಲ ಒಂದೇ ಕಾಯಿಲೆ. ಮೈ ತನ್ನನ್ನೇ ತಾನು ಶತ್ರು ಅಂದ್ಕೊಂಡು ಒಳಗೆ ರಕ್ತನಾಳಗಳನ್ನ ಕೆರಳಿಸುತ್ತೆ. ನಿಮಗಿದ್ದದ್ದು ಬರೀ ಬಾಯಿಹುಣ್ಣು. ಬಹಳ ಜನಕ್ಕೆ ಬರೋದು ಅದೇ, ಅದರಿಂದ ಕಣ್ಣಿಗೇನೂ ಆಗಲ್ಲ. ಇವಳದು ಬೇರೆ."

ಕಾಯಿಲೆಗೆ ಒಂದು ಹೆಸರನ್ನೂ ಹೇಳಿದರು. ಯಾವುದೋ ಪರದೇಶದ ಡಾಕ್ಟರ ಹೆಸರಂತೆ, ನನ್ನ ನಾಲಿಗೆಗೆ ಇವತ್ತಿಗೂ ಹೊರಳುವುದಿಲ್ಲ.

"ಕಣ್ಣು ಮೇಡಂ?" ಅಂದೆ.

"ಎಡಗಣ್ಣಿನ ಒಳಪದರ ತುಂಬ ಹಾಳಾಗಿದೆ. ಅದು ವಾಪಸು ಬರುತ್ತೆ ಅಂತ ಸುಳ್ಳು ಹೇಳಲ್ಲ. ಬಲಗಣ್ಣು ಈಗ ಶುರುವಾಗಿದೆ. ಇವತ್ತೇ ಸೇರಿಸಿಕೊಂಡು ಔಷಧಿ ಕೊಟ್ಟರೆ ಉಳಿಸಿಕೊಳ್ಳೋಕೆ ಆಗಬಹುದು. ಮಾತ್ರೆ ಬಹಳ ಕಾಲ ತಗೋಬೇಕು, ಬಿಡಬಾರದು. ಇನ್ನು ತಡ ಮಾಡಬೇಡಿ."

ಕಾಲಿನ ಡಾಕ್ಟರಿಗೆ ಬಾಯಿಯನ್ನೂ ತೋರಿಸಿದ್ದರೆ ಮೊದಲೇ ಗೊತ್ತಾಗುತ್ತಿತ್ತಾ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಸೇರಿಸಿಕೊಳ್ಳಿ ಮೇಡಂ ಅಂದೆ. ಫೋನು ಮಗಳ ಕೈಗೆ ಹೋಯಿತು.

"ಅಮ್ಮ, ಇಲ್ಲಿ ಕ್ಯಾಂಟೀನಾಗೆ ಎಲ್ಲಾ ಕಾರ" ಅಂದಳು. ಅಷ್ಟೇ ಅಂದಳು. ಅಳಲಿಲ್ಲ. ಅಳಬೇಡ ಎಂದು ಹೇಳಲು ಬಾಯಿ ತೆರೆದಿದ್ದ ನಾನು, "ನಾಳೆ ಮೊದಲನೇ ಗಾಡಿಗೆ ಬತ್ತೀನಿ, ಉರಿಯಿಟ್ಟು ತತ್ತೀನಿ" ಅಂದೆ.

ಫೋನಿಟ್ಟ ಮೇಲೆ ಅತ್ತೆಗೆ ಎಲ್ಲ ಹೇಳಬೇಕಾಯಿತು. ಎಡಗಣ್ಣಿನ ಸುದ್ದಿ ಹೇಳಿದೆ. ಬಲಗಣ್ಣಿನದು ಹೇಳಿದೆ. ಇನ್ನೊಂದನ್ನು ಹೇಳಲಿಲ್ಲ, ಅದು ಮಗಳದ್ದು. ಅತ್ತೆ ಸಿಪ್ಪೆಯ ರಾಶಿ ನೋಡುತ್ತ ಕೂತಿದ್ದರು.

"ಅಂಗಾದ್ರೆ ನಾಗಪ್ಪಂದಲ್ವಾ?"

"ಅಲ್ವಂತೆ."

"ಗಂಗಮ್ಮಂದೂ ಅಲ್ವಾ?"

"ಅಲ್ವಂತೆ ಅತ್ತೆ. ಎಲ್ಲಾ ಒಂದೇ ಅಂತೆ."

"ನಾಲ್ಗೆ ಉದ್ದ ಅಂತಿದ್ನಲ್ಲೇ ಮಗೀನ" ಎಂದು ಸೆರಗಿನಿಂದ ಮೂಗು ಒರೆಸಿಕೊಂಡರು. ಕೋಳಿಯೊಂದು ಬಂದು ಪಾತ್ರೆಗೇ ಬಾಯಿ ಹಾಕಿತು. ಅದನ್ನು ಓಡಿಸಲು ಇಬ್ಬರಿಗೂ ಕೈ ಬರಲಿಲ್ಲ.

ನಾನು ಎದ್ದು ದೇವರ ಮನೆಗೆ ಹೋದೆ. ಬೆಳ್ಳಿ ಕಣ್ಣುಗಳು ಅರಿಶಿನದ ಬಟ್ಟೆಯಲ್ಲಿ ಪಟದ ಮುಂದೆಯೇ ಇದ್ದವು, ಇನ್ನೂ ಒಪ್ಪಿಸಿರಲಿಲ್ಲ. ಏನು ಕೇಳಿಕೊಳ್ಳಬೇಕೋ ತಿಳಿಯಲಿಲ್ಲ. ಅಷ್ಟು ವರ್ಷ ಒಬ್ಬೊಬ್ಬ ದೇವರಿಗೂ ಮಗಳ ಒಂದೊಂದು ತುಂಡು ಕೊಟ್ಟು ಬಂದಿದ್ದೆ, ಇಡೀ ಹುಡುಗಿಯನ್ನು ಯಾರ ಮುಂದೆಯೂ ನಿಲ್ಲಿಸಿರಲಿಲ್ಲ. ಆ ದೇವರುಗಳಿಗೆ ನಾನು ಹೇಳದೆ ತಿಳಿಯುತ್ತಿರಲಿಲ್ಲವೇ ಎಂಬ ಮಾತೂ ಬಂತು. ಅದನ್ನು ಅಲ್ಲೇ ಬಿಟ್ಟೆ. ಬಲಗಣ್ಣು ಇನ್ನೂ ಕಾಣುತ್ತಿದೆ. ಶುರುವಿನಿಂದ ಹೇಳಿ ಎಂದು ಕೇಳುವವರು ಒಬ್ಬರು ಸಿಕ್ಕರು. ಅಪ್ಪನನ್ನು ಆಚೆ ಕಳಿಸುವಷ್ಟು ಧೈರ್ಯ ಮಗಳಿಗೆ ಬಂತು. ಇಷ್ಟನ್ನು ಎಣಿಸಿ, ಒಂದು ಕಡ್ಡಿ ಹಚ್ಚಿ, ಅಡ್ಡಬಿದ್ದು ಎದ್ದೆ. ಎದೆಯ ಭಾರ ಇಳಿಯಿತು ಎಂದು ಹೇಳಲಾರೆ.

ಈಚೆ ಬಂದಾಗ ಅತ್ತೆ ನನ್ನ ಪಾತ್ರೆಯನ್ನೂ ತಮ್ಮ ಕಡೆಗೆ ಎಳೆದುಕೊಂಡಿದ್ದರು.

"ಓಗು, ರಾಗಿ ಉರ್ಕೋ" ಅಂದರು. "ಕಾಳು ನಾನಿಸುಕ್ತೀನಿ. ಏಲಕ್ಕಿ ಆಕ್ಬೇಡ, ಬಾಯಿ ಉರಿದಾದು."

ಹುರಿಹಿಟ್ಟಿಗೆಂದು ಮೊಳಕೆ ಕಟ್ಟಿ ಒಣಗಿಸಿಟ್ಟ ರಾಗಿ ಡಬ್ಬದಲ್ಲಿತ್ತು. ಬಾಂಡಲಿ ಒಲೆಗೇರಿಸಿ, ಉರಿ ಸಣ್ಣ ಮಾಡಿ, ಒಂದು ಹಿಡಿ ಸುರಿದೆ. ರಾಗಿ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಸೀದುಹೋಗುತ್ತದೆ, ಸೀದರೆ ಕಹಿ. ಕೈ ಬಿಡದೆ ತಿರುವುತ್ತ ನಿಂತೆ.